ಹಡಗು ಹತ್ತುವ ಆಸೆ ಬಿಡಿ, ಗೆಳತಿಯನ್ನು ಇಳಿಸಿಕೊಳ್ಳಿ!

‘ಮಾರಾಯ್ತಿ, ನಾವು ಕ್ರೂಸ್‌ನಲ್ಲಿ ಬರ್ತಾ ಇದ್ದೇವೆ. ನಮ್ಮ ಹಡಗು ಒಂದು ದಿನ ಮಂಗಳೂರಿನಲ್ಲಿ ನಿಲ್ತದೆ. ನೀನೂ ಬಂದ್ಬಿಡು. ಹಡಗನ್ನೆಲ್ಲ ತೋರಿಸ್ತೇನೆ, ಅಲ್ಲೇ ಒಟ್ಟಿಗೆ ಊಟ ಮಾಡುವಾ!’

ಇಂಥದೊಂದು ಫೋನು ಕುಮಟಾದಲ್ಲೋ, ಹೊನ್ನಾವರದಲ್ಲೋ, ಭಟ್ಕಳದಲ್ಲೋ ಇರುವ ನಿಮಗೆ ಬಂತು ಅಂತಿಟ್ಟುಕೊಳ್ಳಿ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು. ಮದುವೆಯಾಗಿ ಅಮೆರಿಕಕ್ಕೆ ಹೋದ ಮೇಲೆ ನೋಡಿದ್ದು ಒಂದೋ ಎರಡೋ ಸಲ, ಅದೂ ಯಾರದೋ ಮದುವೆ ಗಡಿಬಿಡಿಯಲ್ಲಿ. ಈಗ ಅವಳೇ ಸಮುದ್ರದ ಮೇಲೆ ನಿಮ್ಮೂರಿನ ಎದುರಿನಿಂದ ಹಾದು ಹೋಗುತ್ತಾಳೆ! ಫೋನಿಟ್ಟ ಕೂಡಲೇ ಯಾವ ಸೀರೆ ಉಡಲಿ ಅನ್ನೋ ಯೋಚನೆ ಶುರು. ‘ನಾವೂ ಹಡಗು ನೋಡ್ಬೇಕು’ ಅಂತ ಮಕ್ಕಳ ರಗಳೆ. ಯಜಮಾನರು ಕಾರಿಗೆ ಗಾಳಿ ಹೊಡೆಸೋ ಲೆಕ್ಕ ಹಾಕ್ತಾ ಇದ್ದಾರೆ.

ಸ್ವಲ್ಪ ತಡೆಯಿರಿ. ಗೆಳತಿ ಪ್ರೀತಿಯಿಂದಲೇ ಕರೆದಿದ್ದಾಳೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಡಗಿನೊಳಗೆ ಕರೆಯುವ ಅಧಿಕಾರ ಅವಳಿಗಿಲ್ಲ. ಆ ಹಡಗಿನಲ್ಲಿ ಅವಳೂ ಒಬ್ಬ ಟಿಕೆಟ್ಟಿನ ಪ್ರಯಾಣಿಕಳು, ಅಷ್ಟೇ. ಇದು ಇಬ್ಬರಿಗೂ ಮೊದಲೇ ಗೊತ್ತಿಲ್ಲದೆ ಹೋದರೆ ಏನಾಗುತ್ತದೆ ಗೊತ್ತಾ? ನೂರೈವತ್ತು ಕಿಲೋಮೀಟರ್ ಹೋಗಿ, ಬಂದರಿನ ಗೇಟಿನ ಹೊರಗೆ ಬಿಸಿಲಲ್ಲಿ ನೀವು. ಒಳಗೆ ಯಾರ್‍ಯಾರನ್ನೋ ಬೇಡಿಕೊಳ್ಳುತ್ತಾ ಅವಳು. ಇದ್ದ ಆರೇಳು ಗಂಟೆಯಲ್ಲಿ ಮೂರು ಗಂಟೆ ಅಲ್ಲೇ ಕರಗಿ ಹೋಯಿತು!

ಯಾಕೆ ಬಿಡೋದಿಲ್ಲ?

‘ಹೋಟೆಲ್ ರೂಮಿಗೆ ನೆಂಟರು ಬಂದರೆ ಬಿಡೋದಿಲ್ವಾ? ಇಲ್ಲೇನು ಕಷ್ಟ?’ ಅಂತ ಅನ್ನಿಸೋದು ಸಹಜ. ಹಿಂದೆ ಬಿಡುತ್ತಿದ್ದರು ಕೂಡ. ದೊಡ್ಡ ದೊಡ್ಡ ಹಡಗುಗಳು ಹೊರಡುವ ದಿನ ಬೀಳ್ಕೊಡಲು ಬಂದವರು ಒಳಗೇ ಹೋಗಿ, ಕ್ಯಾಬಿನ್ ನೋಡಿ, ತಿಂದು ಕುಡಿದು, ‘ಪ್ರಯಾಣಿಕರಲ್ಲದವರು ಇಳಿಯಿರಿ’ ಅಂತ ಕೂಗಿದ ಮೇಲೆ ಇಳಿದು ಬರುವುದು ಹೊರದೇಶಗಳಲ್ಲಿ ದೊಡ್ಡ ಸಂಭ್ರಮವೇ ಆಗಿತ್ತು. ಹಳೇ ಇಂಗ್ಲಿಷ್ ಸಿನಿಮಾಗಳಲ್ಲಿ ನೀವೂ ನೋಡಿರಬಹುದು.

2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ದಾಳಿ ನಡೆದ ಬಳಿಕ ಆ ಸಂಭ್ರಮಕ್ಕೆ ತೆರೆ ಬಿತ್ತು. ಹಡಗು ಮತ್ತು ಬಂದರುಗಳ ಭದ್ರತೆಗಾಗಿಯೇ 2002ರಲ್ಲಿ ಅಂತರರಾಷ್ಟ್ರೀಯ ನಿಯಮಾವಳಿ ರೂಪಿಸಿದರು. ಐಎಸ್‌ಪಿಎಸ್ ಕೋಡ್ ಅಂತ ಅದರ ಹೆಸರು. 2004ರ ಜುಲೈ 1ರಿಂದ ಜಾರಿಯಲ್ಲಿದೆ. ಯಾರು ಹತ್ತಬೇಕು, ಯಾರು ಹತ್ತಬಾರದು, ಹತ್ತುವವರ ಗುರುತು ಹೇಗೆ ನೋಡಬೇಕು, ಎಲ್ಲಕ್ಕೂ ಲೆಕ್ಕ ಇಡಬೇಕು. ಪ್ರತಿ ಹಡಗಿನಲ್ಲೂ ಇದಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಾರೆ.

ಇನ್ನೊಂದು ಕಾರಣ ತಲೆ ಎಣಿಕೆ. ಪ್ರಯಾಣಿಕರಿಗೆಲ್ಲ ಒಂದು ಕಾರ್ಡ್ ಕೊಟ್ಟಿರುತ್ತಾರೆ. ಇಳಿಯುವಾಗ, ಹತ್ತುವಾಗ ಅದನ್ನು ಯಂತ್ರಕ್ಕೆ ತೋರಿಸಬೇಕು. ತೋರಿಸಿದ ಕೂಡಲೇ ಸಿಬ್ಬಂದಿಯ ಮುಂದಿನ ಪರದೆಯಲ್ಲಿ ಅವರ ಫೋಟೊ ಬರುತ್ತದೆ. ಹೀಗಾಗಿ ಒಳಗೆ ಎಷ್ಟು ಜನ ಇದ್ದಾರೆ ಅನ್ನುವುದು ಯಾವ ಕ್ಷಣದಲ್ಲಿ ಕೇಳಿದರೂ ಗೊತ್ತು. ಅವಘಡವಾದರೆ ಯಾರನ್ನು ಹುಡುಕಬೇಕು ಅನ್ನೋದೇ ಈ ಲೆಕ್ಕದ ಮೇಲೆ ನಿಂತಿದೆ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾನ್‌ಕಾರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿ 32 ಜನ ಸತ್ತರಲ್ಲ, ಆಮೇಲೆ ಈ ಶಿಸ್ತು ಇನ್ನೂ ಬಿಗಿಯಾಯಿತು. ಹೊಸದಾಗಿ ಹತ್ತಿದವರಿಗೆ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಸುರಕ್ಷತೆಯ ಪಾಠ ಹೇಳಲೇಬೇಕು ಅನ್ನುವ ನಿಯಮ 2015ರಿಂದ ಇದೆ.

ಸಾಲದ್ದಕ್ಕೆ ಬಂದರಿನದೇ ಬೇರೆ ಕಾವಲು. ಪಣಂಬೂರಿನ ನವಮಂಗಳೂರು ಬಂದರು ಇರಲಿ, ಗೋವಾದ ಮರ್ಮಗೋವಾ ಬಂದರು ಇರಲಿ, ಗೇಟಿನಲ್ಲಿ ಸಿಐಎಸ್‌ಎಫ್‌ನವರು ನಿಂತಿರುತ್ತಾರೆ. ಪಾಸ್ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ವಿದೇಶದಿಂದ ಬಂದ ಹಡಗಾದರೆ ಇಮಿಗ್ರೇಷನ್, ಕಸ್ಟಮ್ಸ್ ಬೇರೆ. ಅಂದರೆ ಹಡಗಿನವರು ‘ಆಯ್ತು ಬನ್ನಿ’ ಅಂದರೂ ಕೆಲಸ ಮುಗಿಯುವುದಿಲ್ಲ.

ಕೇಳಲೇಬಾರದಾ? ಕೇಳಬಹುದು. ಗೆಳತಿಯೇ ಕೇಳಬೇಕು, ಟಿಕೆಟ್ ಮಾಡಿಸಿದ ಕಂಪನಿಗೆ ಕೆಲವು ವಾರ ಮೊದಲೇ ಬರೆದು ಕೇಳಬೇಕು. ಬಹುಪಾಲು ಕಂಪನಿಗಳ ಉತ್ತರ ‘ಇಲ್ಲ’ ಅಂತಲೇ. ಒಪ್ಪಿದರೂ ಕೊನೆಯ ಮಾತು ಕ್ಯಾಪ್ಟನ್ನಿನದು, ಆ ದಿನ ಬೆಳಿಗ್ಗೆ ಬೇಡ ಅಂದರೆ ಬೇಡ. ‘ನನಗೆ ಅಲ್ಲಿ ಗುರುತಿದೆ, ಇಷ್ಟು ಕೊಡಿ, ಒಳಗೆ ಬಿಡಿಸ್ತೇನೆ’ ಅನ್ನುವವರು ಸಿಕ್ಕರೆ ಮಾತ್ರ ದೂರವಿರಿ. ಗೆಳತಿಯ ಕಾರ್ಡು ಹಿಡಿದು ಅವಳ ತಂಗಿಯನ್ನೋ ನಾದಿನಿಯನ್ನೋ ಕಳಿಸುವ ಜಾಣತನ ಅಂತೂ ಬೇಡವೇ ಬೇಡ. ಫೋಟೊ ಬರುತ್ತದೆ ಅಂದೆನಲ್ಲ! ಸಿಕ್ಕಿಬಿದ್ದರೆ ಪ್ರವಾಸ ಕೆಡುವುದು ಅವಳದು.

ನಮ್ಮೂರಿಗೇ ಹಡಗು ಬರುತ್ತಿದ್ದ ಕಾಲ

ಈಗಿನ ಪ್ರವಾಸಿ ಹಡಗು ನಮ್ಮ ಮೂರೂ ಊರಿನಲ್ಲಿ ನಿಲ್ಲುವುದಿಲ್ಲ. ಆದರೆ ಈ ಊರುಗಳು ಹಡಗು ಕಾಣದವೇನಲ್ಲ ಕಣ್ರೀ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಿಂದ ಹಡಗೇರುತ್ತಿತ್ತು, ಹಾಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಪರದೇಶದ ವ್ಯಾಪಾರಿಗಳಿಗೆ ಅದು ‘ಕುಮಟಾ ಹತ್ತಿ’ ಅಂತಲೇ ಪರಿಚಯ. ಬೆಳೆದದ್ದು ಅಲ್ಲಿ, ಹೆಸರು ಬಂದದ್ದು ಇಲ್ಲಿಗೆ! ಬೊಂಬಾಯಿ ಕಡೆಯಿಂದ ಬರುವ ಉಗಿಹಡಗುಗಳು ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ನಮ್ಮ ಕರಾವಳಿಯ ಊರುಗಳ ಮುಂದೆ ನಿಲ್ಲುತ್ತಿದ್ದವು. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಮರಳು ತುಂಬಿಕೊಳ್ಳುವುದರಿಂದ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಿದರೆ ಜನ ದೋಣಿಯಲ್ಲಿ ಹೋಗಿ ಬರಬೇಕು.

ಹದಿನಾಲ್ಕನೇ ಶತಮಾನದಲ್ಲಿ ಸಮುದ್ರದ ದಾರಿಯಲ್ಲಿ ಹೊನ್ನಾವರಕ್ಕೆ ಬಂದಿಳಿದ ಇಬ್ನ್ ಬತೂತ ಅನ್ನುವ ಪ್ರವಾಸಿ ಊರು ಸುತ್ತಿ ನೋಡಿ, ಇಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದೆ ಅಂತ ಬರೆದಿಟ್ಟಿದ್ದಾನೆ. ಓದು ಬಲ್ಲ ಹೊನ್ನಾವರದ ಹೆಂಗಸರನ್ನು ಹೊಗಳಿದ್ದಾನೆ ಕೂಡ. ಅವನು ಹಡಗಿನಲ್ಲೇ ಕೂತಿದ್ದರೆ ನಮಗೆ ಈ ಸುದ್ದಿ ಸಿಗುತ್ತಿತ್ತೇ? ನಿಮ್ಮ ಗೆಳತಿಗೂ ಅದನ್ನೇ ಹೇಳಿ: ನೀನೇ ಇಳಿದು ಬಾರೇ!

ಎಲ್ಲಿ ಸೇರುವುದು?

ಇಳಿದು ಬಾ ಅಂದ ಕೂಡಲೇ ಅವಳು ಹೇಳುವ ಮುಂದಿನ ಮಾತು ಗೊತ್ತೇ ಇದೆ. ‘ಹಾಗಾದ್ರೆ ಟ್ಯಾಕ್ಸಿ ಮಾಡ್ಕೊಂಡು ನಿನ್ನ ಮನೆಗೇ ಬಂದುಬಿಡ್ತೇನೆ.’ ಕೇಳೋಕೆ ಎಷ್ಟು ಚೆಂದ! ಆದರೆ ಲೆಕ್ಕ ಹಾಕಿ. ಮಂಗಳೂರಿನಿಂದ ಭಟ್ಕಳಕ್ಕೆ ಸುಮಾರು 140 ಕಿ.ಮೀ., ಹೊನ್ನಾವರಕ್ಕೆ ಸುಮಾರು 180. ಕುಮಟಾ ಅದಕ್ಕೂ 20 ಕಿ.ಮೀ. ಆಚೆ. ಹೊನ್ನಾವರಕ್ಕೆ ಹೋಗಿ ಬರುವುದರಲ್ಲೇ ಎಂಟು ಗಂಟೆ ಆಗುತ್ತದೆ. ಹಡಗು ಸಾಮಾನ್ಯವಾಗಿ ಬೆಳಿಗ್ಗೆ ಬಂದು ಸಂಜೆ ಹೊರಡುವಂಥದ್ದು. ದಾರಿಯಲ್ಲಿ ಒಂದು ಟೈರ್ ಪಂಕ್ಚರ್ ಆದರೆ ಮುಗೀತು. ದಯವಿಟ್ಟು ಅವಳನ್ನು ಮನೆಗೆ ಕರೆಯಬೇಡಿ. ನಮ್ಮ ಕಡೆಯವರಿಗೆ ಈ ಮಾತು ಬಾಯಿಗೆ ಬರುವುದೇ ಕಷ್ಟ, ಗೊತ್ತು. ಬಾಗಿಲಿಗೆ ಬರುವವರನ್ನು ಬೇಡ ಅನ್ನುವುದು ಹೇಗೆ? ಆದರೂ ಹೇಳಿ.

ಯಾಕೆಂದರೆ ಹಡಗು ಕಾಯುವುದಿಲ್ಲ. ಹೊರಡುವ ಸಮಯಕ್ಕಿಂತ ಅರ್ಧ ಗಂಟೆ, ಕೆಲವು ಕಡೆ ಒಂದು ಗಂಟೆಗೂ ಮೊದಲೇ ಎಲ್ಲರೂ ಒಳಗಿರಬೇಕು. ತಪ್ಪಿದರೆ ಮುಂದಿನ ಬಂದರಿಗೆ ತನ್ನದೇ ಖರ್ಚಿನಲ್ಲಿ ಹೋಗಿ ಸೇರಿಕೊಳ್ಳಬೇಕು. ಮುಂದಿನದು ಕೊಚ್ಚಿಯಾದರೆ ಹೇಗೋ ರೈಲೋ ಕಾರೋ ಆದೀತು. ಮಾಲ್ಡೀವ್ಸೋ ಶ್ರೀಲಂಕಾವೋ ಆದರೆ? ಮೈಮೇಲಿನ ಬಟ್ಟೆ, ಕೈಯಲ್ಲೊಂದು ಪರ್ಸು ಬಿಟ್ಟರೆ ಉಳಿದದ್ದೆಲ್ಲ ಹಡಗಿನಲ್ಲಿ. ಇನ್ನೊಂದು ವಿಷಯ. ಹಡಗಿನ ಗಡಿಯಾರವೂ ನಮ್ಮೂರಿನ ಗಡಿಯಾರವೂ ಒಂದೇ ಆಗಿರಬೇಕೆಂದಿಲ್ಲ. ದೇಶದಿಂದ ದೇಶಕ್ಕೆ ಹೋಗುವ ಹಡಗುಗಳು ತಮ್ಮದೇ ಸಮಯ ಇಟ್ಟುಕೊಳ್ಳುವುದುಂಟು. ‘ಐದಕ್ಕೆ ಒಳಗಿರಬೇಕು’ ಅಂದರೆ ಯಾವ ಐದು ಅಂತ ಮೊದಲು ಕೇಳಿಕೊಳ್ಳಿ.

ಹಾಗಾಗಿ ಹೊರಡಬೇಕಾದವರು ನೀವು. ಭಟ್ಕಳದವರಿಗೆ ಮಂಗಳೂರೇ ಹತ್ತಿರ. ಕುಮಟಾದವರಿಗೆ ಗೋವಾ ಸ್ವಲ್ಪ ಹತ್ತಿರ. ಹೊನ್ನಾವರದವರು ಮಧ್ಯದಲ್ಲಿ, ಎರಡೂ ಕಡೆ ಹೆಚ್ಚುಕಡಿಮೆ ಅಷ್ಟಷ್ಟೇ ದೂರ. ಹಡಗು ಎರಡೂ ಕಡೆ ನಿಲ್ಲುವುದಾದರೆ ಯಾವ ಕಡೆ ಹೆಚ್ಚು ಹೊತ್ತು ನಿಲ್ಲುತ್ತದೆ ಅಂತ ವಿಚಾರಿಸಿ. ಅದೇ ನಿಮ್ಮ ಊರು.

ಮಂಗಳೂರು ಅಂತಾದರೆ ಪಟ್ಟಣದೊಳಗೆ ಹೋಗುವ ಅಗತ್ಯವೇ ಇಲ್ಲ. ಬಂದರು ಇರುವುದು ಪಣಂಬೂರಿನಲ್ಲಿ, ಊರಿನಿಂದ ಸುಮಾರು ಹತ್ತು ಕಿ.ಮೀ. ಈಚೆಗೇ. ನಮ್ಮ ಕಡೆಯಿಂದ ಹೋಗುವಾಗ ಅದಕ್ಕೂ ಮೊದಲು ಸುರತ್ಕಲ್ ಸಿಗುತ್ತದೆ. ಕೊಂಕಣ ರೈಲಿನ ಸ್ಟೇಷನ್ ಇದೆ, ಸಮುದ್ರದ ದಂಡೆಯಲ್ಲಿ ಸದಾಶಿವ ದೇವಸ್ಥಾನ, ದೀಪಸ್ತಂಭ, ಊಟದ ಹೋಟೆಲು ಎಲ್ಲಾ ಇವೆ. ಬಂದರಿನಿಂದ ಅವಳು ಬರಲು ಅರ್ಧ ಗಂಟೆ ಸಾಕು. ಹಡಗಿನವರು ಏರ್ಪಡಿಸುವ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನದ ಟೂರ್‌ಗೆ ದುಡ್ಡು ಕಟ್ಟಬೇಡ ಅಂತ ಅವಳಿಗೆ ಮೊದಲೇ ಹೇಳಿಡಿ. ಕಟ್ಟಿಬಿಟ್ಟರೆ ಆ ಬಸ್ಸಿನ ಹಿಂದೆ ನೀವು ಓಡಬೇಕಾದೀತು. ಗೋವಾ ಆದರೆ ಮರ್ಮಗೋವಾ ಬಂದರಿನ ಪಕ್ಕದ ಊರು ವಾಸ್ಕೋ. ಮಡಗಾಂವ್‌ವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಸುಮಾರು 30 ಕಿ.ಮೀ. ರಸ್ತೆ. ಬೀಚು ಗೀಚು ಅಂತ ದೂರ ಹೋಗದೆ ವಾಸ್ಕೋದಲ್ಲೇ ಕೂತು ಮಾತಾಡುವುದು ವಾಸಿ.

ಜಾಗ, ಸಮಯ ಎರಡನ್ನೂ ಹಡಗು ಹತ್ತುವ ಮುಂಚೆಯೇ ನಿಶ್ಚಯ ಮಾಡಿಕೊಳ್ಳಿ. ಸಮುದ್ರದಲ್ಲಿ ನಮ್ಮ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಡಗಿನ ನೆಟ್‌ವರ್ಕ್ ಉಪಗ್ರಹದ್ದು, ದುಬಾರಿ. ವಾಟ್ಸಪ್ ಹಾಕಿದೆ, ಎರಡು ಟಿಕ್ ಬರ್ಲಿಲ್ಲ ಅಂತ ಗಾಬರಿ ಬೀಳಬೇಡಿ. ಹಡಗು ಏಳಕ್ಕೆ ಬಂತು ಅಂದರೆ ಏಳೂವರೆಗೆ ಅವಳು ಹೊರಗಿರುತ್ತಾಳೆ ಅಂತಲೂ ತಿಳಿಯಬೇಡಿ. ಇಮಿಗ್ರೇಷನ್ ಮುಗಿದು ಸರದಿ ಬರಲು ಒಂದೆರಡು ಗಂಟೆ ಹಿಡಿಯಬಹುದು. ಹತ್ತು ಗಂಟೆ ಅಂತ ಇಟ್ಟುಕೊಂಡರೆ ಕ್ಷೇಮ. ಕಾರು ತಂದರೂ ಗೇಟಿನ ಒಳಗೆ ಬಿಡುವುದಿಲ್ಲ, ಹೊರಗೇ ನಿಲ್ಲಿಸಬೇಕು.

ಗೆಳತಿಯ ಪಾಸ್‌ಪೋರ್ಟ್ ಯಾವುದು ಅನ್ನೋದೂ ಮುಖ್ಯ. ಅಮೆರಿಕದ್ದೋ ಇಂಗ್ಲೆಂಡಿನದೋ ಆಗಿದ್ದರೆ ವೀಸಾ ಅಥವಾ ಒಸಿಐ ಕಾರ್ಡ್ ಇರಬೇಕು. ಇ-ವೀಸಾ ಹಿಡಿದು ಇಳಿಯಬಹುದಾದ ಬಂದರುಗಳಲ್ಲಿ ಮಂಗಳೂರೂ ಇದೆ, ಗೋವಾವೂ ಇದೆ. ‘ನಾನು ಹುಟ್ಟಿದ್ದೇ ಕುಮಟಾದಲ್ಲಿ, ನನಗ್ಯಾಕೆ ವೀಸಾ?’ ಅಂತ ಜಗಳ ಮಾಡಿದರೆ ಅಧಿಕಾರಿ ಪಾಪ ಏನು ಮಾಡಿಯಾನು!

ಹಡಗು ಬಾರದೇ ಇರಬಹುದು ಅನ್ನುವುದೂ ತಲೆಯಲ್ಲಿರಲಿ. ಗಾಳಿ ಜೋರಾದರೆ, ಹಿಂದಿನ ಬಂದರಿನಲ್ಲಿ ತಡವಾದರೆ ಒಂದು ಊರನ್ನೇ ಬಿಟ್ಟು ಮುಂದೆ ಹೋಗುವುದುಂಟು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ವಿದೇಶಿ ಪ್ರವಾಸಿ ಹಡಗುಗಳಿಗೆ ನಮ್ಮ ಬಂದರುಗಳು ಬಾಗಿಲು ಹಾಕಿದ್ದೂ ಆಯಿತು. ಹಿಂದಿನ ರಾತ್ರಿ ಖಾತ್ರಿ ಮಾಡಿಕೊಳ್ಳದೆ ವಯಸ್ಸಾದ ಆಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡಬೇಡಿ.

ಡಬ್ಬಿಯಲ್ಲೇನಿರಲಿ?

ನಿಮ್ಮ ಮನಸ್ಸು ಈಗಾಗಲೇ ಅಡುಗೆಮನೆಗೆ ಓಡಿರುತ್ತದೆ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು... ಭಟ್ಕಳದವರಾದರೆ ಬಿರಿಯಾನಿ. ಕಟ್ಟಿಕೊಡಬೇಕು ಅನ್ನಿಸುತ್ತದೆ. ಆದರೆ ಹಡಗಿಗೆ ವಾಪಸ್ ಹತ್ತುವಾಗ ಅವಳ ಚೀಲ ವಿಮಾನ ನಿಲ್ದಾಣದ ಹಾಗೇ ಸ್ಕ್ಯಾನ್ ಆಗುತ್ತದೆ. ಮನೆಯಲ್ಲಿ ಮಾಡಿದ ಅಡುಗೆಯನ್ನು ಹೆಚ್ಚಿನ ಹಡಗುಗಳು ಒಳಗೆ ಬಿಡುವುದಿಲ್ಲ. ಊಟ ಕೆಟ್ಟು ಒಬ್ಬರಿಗೆ ವಾಂತಿಭೇದಿಯಾದರೆ ಸಾವಿರಾರು ಜನ ಒಟ್ಟಿಗಿರುವ ಜಾಗದಲ್ಲಿ ಹರಡುವುದು ಸುಲಭ, ಆ ಭಯ ಅವರಿಗೆ. ಎಷ್ಟೋ ತಾಯಂದಿರ ಪ್ರೀತಿ ಹೀಗೆ ಸ್ಕ್ಯಾನರಿನ ಪಕ್ಕದ ಕಸದ ಬುಟ್ಟಿ ಸೇರುತ್ತದಲ್ಲಾ ಅಂತ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಕಟ್ಟಿಕೊಡಬೇಡಿ, ಅಲ್ಲೇ ತಿನ್ನಿಸಿ! ಅಪ್ಪೆಹುಳಿಯನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗಿ, ಲೋಟಕ್ಕೆ ಹಾಕಿ ಕೊಡಿ. ಕಾರಿನ ಡಿಕ್ಕಿ ಮೇಲೇ ಡಬ್ಬಿ ಬಿಚ್ಚಿ ಕೂತರೂ ಆದೀತು, ಯಾವ ಹೋಟೆಲಿನ ಊಟಕ್ಕೂ ಆ ರುಚಿ ಬರದು. ಅಂಗಡಿಯ ಸೀಲ್ ಆದ ಪೊಟ್ಟಣಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೆ ಮುಂದಿನ ದೇಶದ ಕಸ್ಟಮ್ಸ್ ಏನನ್ನುತ್ತದೋ ಅವಳೇ ನೋಡಿಕೊಳ್ಳಲಿ. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿಯುದ್ದಕ್ಕೂ ಗೊಂಚಲು ಗೊಂಚಲಾಗಿ ತೂಗುವ ಸಿಹಿ ಈರುಳ್ಳಿಯ ಫೋಟೊ ಸಾಕು, ಈರುಳ್ಳಿ ಬೇಡ. ಭಟ್ಕಳ ಮಲ್ಲಿಗೆ ಮಾತ್ರ ಒಂದು ದಂಡೆ ಒಯ್ಯಲೇಬೇಕು. ಭೇಟಿಯಾದ ಕೂಡಲೇ ಮುಡಿಸಿಬಿಡಿ. ಚಾಕು, ಕತ್ತರಿ, ಅಡಕತ್ತರಿಯಂಥ ಉಡುಗೊರೆ ಮರೆತೂ ಬೇಡ.

ಮಕ್ಕಳ ಹಡಗಿನ ಆಸೆಗೆ ಏನು ಮಾಡೋಣ ಅಂದಿರಾ? ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಅನ್ನುವ ನೌಕಾಪಡೆಯ ಹಡಗನ್ನು 2006ರಲ್ಲಿ ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಕುಮಟಾದಿಂದ ಸುಮಾರು 70 ಕಿ.ಮೀ. ನೌಕಾದಿನದ ಸುಮಾರಿಗೆ ಕೆಲವು ವರ್ಷ ಕಾರವಾರದ ನೌಕಾನೆಲೆಯಲ್ಲಿ ಯುದ್ಧನೌಕೆಗಳನ್ನೇ ಜನರಿಗೆ ತೋರಿಸಿದ್ದುಂಟು. ತಮಾಷೆ ನೋಡಿ, ಕ್ಷಿಪಣಿ ಹೊತ್ತ ಹಡಗಿಗೆ ನಮ್ಮನ್ನು ಹತ್ತಿಸುತ್ತಾರೆ, ಈಜುಕೊಳ ಹೊತ್ತ ಹಡಗಿಗೆ ಇಲ್ಲ!

ಹಡಗಿನಲ್ಲಿ ಮಗನೇ ಇದ್ದರೆ?

ಇದು ಬೇರೆಯೇ ವಿಷಯ. ನಮ್ಮ ಕರಾವಳಿಯ ಹುಡುಗರು ಪ್ರವಾಸಿ ಹಡಗುಗಳಲ್ಲಿ ಅಡುಗೆಗೆ, ಬಡಿಸಲಿಕ್ಕೆ, ರೂಮು ನೋಡಿಕೊಳ್ಳಲಿಕ್ಕೆ, ಎಂಜಿನ್ನಿಗೆ ಅಂತ ಹೋಗುತ್ತಾರೆ. ಒಂದು ಸಲ ಹೋದರೆ ಎಂಟೊಂಬತ್ತು ತಿಂಗಳು ಮನೆ ಮುಖ ನೋಡುವಂತಿಲ್ಲ. ಇದ್ದಕ್ಕಿದ್ದ ಹಾಗೆ ‘ಆಯಿ, ನಮ್ಮ ಹಡಗು ಗೋವಾಕ್ಕೆ ಬರ್ತದೆ’ ಅಂದರೆ ತಾಯಿಗೆ, ಹೆಂಡತಿಗೆ ಹೇಗಾಗಬೇಡ?

ದುಡ್ಡು ಕೊಟ್ಟು ಪ್ರಯಾಣ ಮಾಡುವವಳ ಗೆಳತಿಗೆ ಇಲ್ಲದ ಒಂದು ಸಣ್ಣ ಕಿಟಕಿ ದುಡಿಯುವವನ ತಾಯಿಗೆ ಇದೆ. ಹಡಗಿನಲ್ಲಿ ದುಡಿಯುವವರ ಹಕ್ಕುಗಳಿಗಾಗಿ 2006ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಗಿದೆ. ಎಂಎಲ್‌ಸಿ ಅನ್ನುತ್ತಾರೆ. 2013ರಿಂದ ಜಾರಿಗೆ ಬಂತು. 2015ರಲ್ಲಿ ಭಾರತವೂ ಒಪ್ಪಿಕೊಂಡಿತು. ಹಡಗು ಬಂದರಿನಲ್ಲಿರುವಾಗ ಕೆಲಸಗಾರರ ಸಂಗಾತಿ, ಬಂಧುಗಳು, ಸ್ನೇಹಿತರು ಬಂದು ನೋಡಲು ಹಡಗಿನ ಮಾಲೀಕರು ಅನುವು ಮಾಡಿಕೊಡಬೇಕು, ಭದ್ರತೆಯ ತಪಾಸಣೆ ಮಾಡಿಕೊಂಡು, ಅಂತ ಅದರ ಮಾರ್ಗಸೂಚಿಯಲ್ಲಿದೆ. ಕಡ್ಡಾಯವಲ್ಲ, ಸಲಹೆ. ಅಡುಗೆಯವನೂ ಬಡಿಸುವವನೂ ಈ ಒಪ್ಪಂದದ ಲೆಕ್ಕದಲ್ಲಿ ನಾವಿಕರೇ. ಹಾಗಾಗಿ ಕೇಳುವುದಕ್ಕೆ ಸಂಕೋಚ ಬೇಡ ಅಂತ ಅವನಿಗೆ ಹೇಳಿ. ತಾನಿರುವ ವಿಭಾಗದ ಮೇಲಿನವರಿಗೆ ಅವನೇ ಅರ್ಜಿ ಕೊಡಬೇಕು. ನಿಮ್ಮ ಹೆಸರು, ಸಂಬಂಧ, ಫೋಟೊ ಇರುವ ಗುರುತಿನ ಚೀಟಿಯ ಪ್ರತಿ ಅವನಿಗೆ ಮೊದಲೇ ಕಳಿಸಿಡಿ. ಆಧಾರ್‌ನಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು ಆಗಬಾರದು. ಬಂದರಿನ ಪಾಸು ಹಡಗಿನ ಸ್ಥಳೀಯ ಏಜೆಂಟರ ಮೂಲಕ ಆಗಬೇಕಾಗುತ್ತದೆ. ಅದನ್ನೂ ಅವನೇ ವಿಚಾರಿಸಲಿ. ಇಬ್ಬರಿಗೆ ಕೇಳಿದರೆ ಸಿಗುವ ಸಂಭವ ಹೆಚ್ಚು. ಅತ್ತೆ, ಮಾವ, ಚಿಕ್ಕಪ್ಪ, ಚಿಕ್ಕಪ್ಪನ ಮಕ್ಕಳು ಅಂತ ಹನ್ನೊಂದು ಹೆಸರು ಕಳಿಸಿದರೆ ಯಾರಿಗೂ ಸಿಗದೇ ಹೋದೀತು.

ಅನುಮತಿ ಸಿಕ್ಕಿತೆನ್ನಿ. ಮೂಲ ಗುರುತಿನ ಚೀಟಿ ಕೈಯಲ್ಲಿರಲಿ. ಹಡಗಿಗೆ ಹಾಕುವ ಮೆಟ್ಟಿಲು ಕಡಿದಾಗಿರುತ್ತದೆ, ಅಲುಗಾಡುತ್ತದೆ. ಆಯಿಗೆ ಮೊಣಕಾಲು ನೋವಿದ್ದರೆ ಮೊದಲೇ ಯೋಚಿಸಿ. ಜಾರುವ ಚಪ್ಪಲಿ, ಕಾಲಿಗೆ ತೊಡರುವ ಸೀರೆ ಬೇಡ. ಒಳಗೆ ಮಗ ಎಲ್ಲಿ ಕರೆದುಕೊಂಡು ಹೋಗುತ್ತಾನೋ ಅಲ್ಲಿಗಷ್ಟೇ. ಅವನು ಮಲಗುವ ಜಾಗ ನೋಡಿ ‘ಇಷ್ಟೇ ಜಾಗವೇನೋ?’ ಅಂತ ಅಲ್ಲೇ ಕಣ್ಣೀರು ಹಾಕಬೇಡಿ. ಅವನ ಜೊತೆಗಾರರೆಲ್ಲ ನೋಡುತ್ತಿರುತ್ತಾರೆ.

ಸಿಗದಿದ್ದರೆ? ಅವನಿಗೇ ಇಳಿಯಲು ಬಿಡುವು ಸಿಗುತ್ತದೋ ನೋಡಬೇಕು. ಪ್ರಯಾಣಿಕರಿಗೆ ಇಡೀ ದಿನ ಸಿಕ್ಕರೆ ಕೆಲಸಗಾರರಿಗೆ ಪಾಳಿಗಳ ನಡುವೆ ಎರಡೋ ಮೂರೋ ಗಂಟೆ, ಅದೂ ಮಧ್ಯಾಹ್ನವೋ ಬೆಳಿಗ್ಗೆಯೋ ಆ ದಿನದವರೆಗೂ ಗೊತ್ತಾಗದು. ಆದ್ದರಿಂದ ನೀವು ಹಿಂದಿನ ರಾತ್ರಿಯೇ ವಾಸ್ಕೋಗೋ ಸುರತ್ಕಲ್ಲಿಗೋ ಹೋಗಿ, ಗೇಟಿಗೆ ಹತ್ತಿರದ ಲಾಡ್ಜಿನಲ್ಲಿ ಒಂದು ರೂಮು ಮಾಡಿ. ಅವನು ಬಂದರೆ ಅರ್ಧ ಗಂಟೆ ಕಾಲು ಚಾಚಿ ಮಲಗಲಿಕ್ಕಾದರೂ ಆಗುತ್ತದೆ. ಊಟ ಬಿಸಿಯಿರುವ ಹಾಗೆ ಹಾಟ್‌ಬಾಕ್ಸ್‌ನಲ್ಲಿ ಒಯ್ಯಿರಿ, ಜೊತೆಗೆ ತಟ್ಟೆ, ಎರಡು ಬಾಟಲಿ ನೀರು. ಚೆನ್ನಾಗಿ ಚಾರ್ಜ್ ಆದ ಫೋನು ಕೂಡ ಬೇಕು, ತಂಗಿಗೆ, ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಅವನನ್ನು ತೋರಿಸಬೇಕಲ್ಲ.